ಲಂಡನ್ ಹತ್ತು ತಾಸಲ್ಲ, ಇಪ್ಪತ್ತು ತಾಸು

ನಮಸ್ಕಾರ್ರಿ. ಕಲಬುರಗಿಯಿಂದ ಓದಲಿಕ್ಕ ಲಂಡನ್ನಿಗೆ ಹೋದ ಮಕ್ಕಳು ಅಪ್ಪ-ಅವ್ವನ್ನ ಕರಸ್ಕೊಳ್ಳುವಾಗ ಹೇಳ್ತಾರ: "ಹೈದರಾಬಾದಿನಿಂದ ಬರೇ 10 ತಾಸು, ಒಂದ ನಿದ್ದಿ ಮಾಡಿದ್ರ ಬಂದ್ಬಿಡ್ತದ." ಅರವತ್ತು ದಾಟಿದವ್ರಿಗೆ ಈ ಲೆಕ್ಕ ಹೇಳೂದು ತಪ್ಪು. ಮನಿ ಹೊಸ್ತಿಲಿಂದ ಎಣಸ್ರಿ.

ಮೊದಲು ಆ 10 ತಾಸು ಎಲ್ಲಿಂದ ಬಂತು ನೋಡೋಣ. ಹೈದರಾಬಾದ್‌ನಿಂದ ಲಂಡನ್ನಿನ ಹೀಥ್ರೂ ವಿಮಾನ ನಿಲ್ದಾಣಕ್ಕ ನೇರ ಅಂತರ ಸುಮಾರು 7,750 ಕಿಲೋಮೀಟರ್. ವಿಮಾನದ ವೇಗ ತಾಸಿಗೆ 900 ಕಿಲೋಮೀಟರ್ ಅಂತ ಹಿಡಿದು ಭಾಗಿಸಿದ್ರ ಎಂಟೂವರಿ ತಾಸಿನ ಮ್ಯಾಲ ಸ್ವಲ್ಪ. ಆದ್ರ ಗ್ಲೋಬಿನ ಮ್ಯಾಲ ಎರಡೂ ಊರಿಗೆ ದಾರ ಬಿಗಿಯಾಗಿ ಎಳದು ನೋಡ್ರಿ: ದಾರ ಪಾಕಿಸ್ತಾನ, ಅಫ್ಘಾನಿಸ್ತಾನ, ಕ್ಯಾಸ್ಪಿಯನ್ ಸಮುದ್ರ ದಾಟಿ ಉಕ್ರೇನಿನ ಮ್ಯಾಲ ಹೋಗ್ತದ. ಉಕ್ರೇನಿನ ಆಕಾಶ 2022ರ ಫೆಬ್ರುವರಿ 24ರಿಂದ ಪ್ರಯಾಣಿಕರ ವಿಮಾನಕ್ಕ ಬಂದ್. ಅಂದ್ರ ದಾರಿ ದಕ್ಷಿಣಕ್ಕ ಬಾಗಬೇಕು. ಇನ್ನೊಂದು, 10-12 ಕಿಲೋಮೀಟರ್ ಎತ್ತರದಾಗ ಗಾಳಿ ಪಶ್ಚಿಮದಿಂದ ಪೂರ್ವಕ್ಕ ಬೀಸ್ತದ. ಹೋಗುವಾಗ ಅದು ಎದುರಗಾಳಿ. ತಾಸಿಗೆ 50 ಕಿಲೋಮೀಟರ್ ಎದುರಗಾಳಿ ಇದ್ರೂ ಅರ್ಧ ತಾಸು ಹೆಚ್ಚಾತು. ರನ್‌ವೇ ತನಕ ತೆವಳೂದು, ಏರೂದು, ಇಳಿಯೂದು ಬ್ಯಾರೆ. ಬರುವಾಗ ಅದೇ ಗಾಳಿ ಬೆನ್ನಿಗೆ ನಿಂತು ನೂಕ್ತದ, ಅದಕ್ಕ ವಾಪಸ್ ಪ್ರಯಾಣ ಕಮ್ಮಿ.

ಈಗ ಖರೇ ಲೆಕ್ಕ. ವಿಮಾನ ಮುಂಜಾನೆ 8ಕ್ಕ ಅಂತ ಇಟ್ಕೊಳ್ರಿ. ಹೈದರಾಬಾದಿನ ವಿಮಾನ ನಿಲ್ದಾಣ ಇರೋ ಶಂಶಾಬಾದಿನಾಗ 5ಕ್ಕ ಇರಬೇಕು. ಅಂತರರಾಷ್ಟ್ರೀಯ ಚೆಕ್-ಇನ್ ಕೌಂಟರ್ ಸಾಮಾನ್ಯವಾಗಿ ಒಂದು ತಾಸು ಮೊದಲೇ ಮುಚ್ಚತಾರ. ಕಲಬುರಗಿಯಿಂದ ಹುಮನಾಬಾದ್, ಜಹೀರಾಬಾದ್ ಮ್ಯಾಲಿಂದ ಕಾರಿಗೆ ಐದು ತಾಸು ಹಿಡೀರಿ. ಪಟಾನ್‌ಚೆರು ಹತ್ರ ಔಟರ್ ರಿಂಗ್ ರೋಡ್ ಹತ್ತಿಬಿಡ್ರಿ, ಹೈದರಾಬಾದ್ ಊರೊಳಗ ಹೋಗಲೇಬ್ಯಾಡ್ರಿ. ಟೈರ್ ಪಂಕ್ಚರಿಗೆ, ಚಹಾಕ್ಕ ಒಂದು ತಾಸು ಕೈಯಾಗ ಇರ್ಲಿ. ಅಂದ್ರ ರಾತ್ರಿ 11ಕ್ಕ ಮನಿ ಬಿಡಬೇಕು. ರೈಲಿನಾಗ ಹೋಗೂದಾದ್ರ ಹಿಂದಿನ ದಿನಾನ ಹೋಗ್ರಿ, ರೈಲು ತಡ ಆದ್ರ ವಿಮಾನ ಕಾಯೂದಿಲ್ಲ.

ಲಂಡನ್ನಿನಾಗ ಬ್ಯಾಸಗಿ ಇದ್ರ ನಮ್ಮಕಿಂತ ನಾಲ್ಕೂವರಿ ತಾಸು ಹಿಂದ, ಚಳಿಗಾಲಕ್ಕ ಐದೂವರಿ. ಬ್ಯಾಸಗಿಯಾಗ 8ಕ್ಕ ಹಾರಿದ್ದು ಅಲ್ಲಿ ಮಧ್ಯಾಹ್ನ ಒಂದೂವರಿಗೆ ಇಳದ್ರ, ಟಿಕೇಟ್ ನೋಡಿದವ್ರಿಗೆ ಐದೂವರಿ ತಾಸೇ ಅನ್ನಸ್ತದ. ಖರೇ 10 ತಾಸು. ಇಮಿಗ್ರೇಶನ್ ಸಾಲು, ಬ್ಯಾಗು ಮುಗಿಸಿ ಹೊರಗ ಬರೂದ್ರಾಗ ಅಲ್ಲಿ 3, ನಮ್ಮೂರಾಗ ರಾತ್ರಿ ಏಳೂವರಿ. ರಾತ್ರಿ 11ರಿಂದ ಎಣಸ್ರಿ: ಇಪ್ಪತ್ತೂವರಿ ತಾಸು, ಅದೂ ಹಾಸಗಿ ಕಾಣದ.

ಅದಕ್ಕ ನನ್ನ ಮಾತು: ವಯಸ್ಸಾದವ್ರನ್ನ ಹಿಂದಿನ ಸಂಜಿಗೇ ಕರಕೊಂಡು ಹೋಗಿ ಶಂಶಾಬಾದ್ ಹತ್ರ ಮಲಗಸ್ರಿ. ಲಾಡ್ಜಿನ ರೊಕ್ಕ ಉಳಿಸಬ್ಯಾಡ್ರಿ. ಸಕ್ಕರಿ ಕಾಯಿಲೆ ಇದ್ರ ಇನ್ಸುಲಿನ್ ಕೈಚೀಲದಾಗೇ ಇರ್ಲಿ. ಕೆಳಗಿನ ಲಗೇಜಿನಾಗ ಹಾಕಿದ್ರ ಹೆಪ್ಪುಗಟ್ಟಿ ಕೆಡಬಹುದು. ಯಾವ ಹೊತ್ತಿಗೆ ಎಷ್ಟು ಅಂತ ಡಾಕ್ಟರ್ ಕಡೆಯಿಂದ ಮೊದಲೇ ಬರಸ್ಕೊಳ್ರಿ. ಅವ್ವನ ಕೈಗಡಿಯಾರ ಹೀಥ್ರೂ ಮುಟ್ಟೂತನಕ ಕಲಬುರಗಿ ಟೈಮಿಗೇ ಇರ್ಲಿ, ಇನ್ಸುಲಿನ್ ಚೀಟಿನೂ ಆ ಟೈಮಿಗೇ ಬರೀರಿ.