ಕರೆಂಟು ಹೋದ ಮೇಲೆ ಶುರುವಾದ ಓದು

[ಮುಖದ ಮೇಲೆ ಟಾರ್ಚ್ ಬೆಳಕು. ಹಿಂದೆ ಶೀಟಿನ ಮೇಲೆ ಮಳೆ ಸದ್ದು.]

ನಮಸ್ಕಾರ. ಈ ಸದ್ದು ಎಡಿಟಿಂಗಲ್ಲಿ ಹಾಕಿದ್ದಲ್ಲ, ಸೋಮವಾರಪೇಟೆ ಕಡೆಯ ಜುಲೈ ಮಳೆ. ಕರೆಂಟು ಹೋಗಿ ನಾಲ್ಕು ಗಂಟೆಯಾಯಿತು. ಮೊಬೈಲ್ ಚಾರ್ಜು 38ಕ್ಕೆ ಇಳಿದಿದೆ, ಅಷ್ಟರೊಳಗೆ ಮುಗಿಸಬೇಕು.

ನಾನು ಮಡಿಕೇರಿಯಲ್ಲಿ ಬಿ.ಎ. ಓದುತ್ತಿದ್ದೇನೆ, ಸೈಕಾಲಜಿ ತೆಗೆದುಕೊಂಡು. ಸಂತೆಯಲ್ಲಿ ಸಿಕ್ಕಿದವರೆಲ್ಲ "ಹಾಗಾದ್ರೆ ನನ್ನ ಮನಸ್ಸಲ್ಲಿ ಏನಿದೆ ಹೇಳು ನೋಡೋಣ" ಅನ್ನುತ್ತಾರೆ. ಅದು ನಮ್ಮ ಸಿಲಬಸ್ಸಲ್ಲಿ ಇಲ್ಲ. ಇರುವುದು ಇಲಿ, ಪಾರಿವಾಳ, ಮತ್ತೆ ಅಡ್ಮಿಷನ್ ದಿನ ಯಾರೂ ಬಾಯಿ ಬಿಡದ ಸ್ಟ್ಯಾಟಿಸ್ಟಿಕ್ಸ್. ಹಾಗಂತ ನಮ್ಮ ಕಡೆಗೆ ಇದು ಹೊಸ ವಿಷಯವೇನಲ್ಲ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ 1924ರಲ್ಲೇ ಸೈಕಾಲಜಿ ವಿಭಾಗ ಶುರುವಾಗಿತ್ತು. ಅದನ್ನು ಕಟ್ಟಿದ ಎಂ.ವಿ. ಗೋಪಾಲಸ್ವಾಮಿ ಅವರೇ 1935ರಲ್ಲಿ ಮನೆಯಲ್ಲೇ ಒಂದು ರೇಡಿಯೋ ಕೇಂದ್ರ ಶುರು ಮಾಡಿ, ಅದನ್ನು 'ಆಕಾಶವಾಣಿ' ಅಂತ ಕರೆದರು. ಪ್ರೊಡಕ್ಟಿವ್ ಅಂದರೆ ಅದು!

ನನ್ನ ಕಥೆ ಬೇರೆ. ಮೊದಲ ಸೆಮಿಸ್ಟರಲ್ಲಿ ನಾಲ್ಕು ಬಣ್ಣದ ಸ್ಕೆಚ್ ಪೆನ್ನಲ್ಲಿ ಟೈಮ್ ಟೇಬಲ್ ಬರೆದು ಗೋಡೆಗೆ ಅಂಟಿಸಿದ್ದೆ, ತೇವಕ್ಕೆ ವಾರದಲ್ಲೇ ಕಿತ್ತು ಬಂತು. ಪೊಮೊಡೊರೊ ಮಾಡಿ ನೋಡಿದೆ. ಗೊತ್ತಲ್ವಾ, 25 ನಿಮಿಷ ಓದು, 5 ನಿಮಿಷ ಬಿಡುವು, ಇಟಲಿಯ ಫ್ರಾಂಚೆಸ್ಕೊ ಚಿರಿಲ್ಲೊ ಅನ್ನುವವರು ವಿದ್ಯಾರ್ಥಿಯಾಗಿದ್ದಾಗ ಟೊಮೆಟೊ ಆಕಾರದ ಅಡುಗೆಮನೆ ಟೈಮರ್ ಇಟ್ಟುಕೊಂಡು ಕಂಡುಕೊಂಡ ಉಪಾಯ. ನನಗೆ ಆ 5 ನಿಮಿಷ ರೀಲ್ಸ್ ನೋಡುತ್ತ 50 ಆಗುತ್ತಿತ್ತು. ಆದರೂ ಓದುತ್ತಿದ್ದೆ ಸ್ವಾಮಿ, ನಿಜವಾಗಲೂ. ಒಂದೇ ಪಾಠ ನಾಲ್ಕು ಸಲ, ಹೈಲೈಟರ್ ಎಳೆದು ಎಳೆದು ಪುಟವೆಲ್ಲ ಹಳದಿ. ಇಂಟರ್ನಲ್ಸಲ್ಲಿ ಬಂದದ್ದು 25ಕ್ಕೆ 9.

ಆಮೇಲೆ ಮಳೆಗಾಲ ಬಂತು. ಒಂದು ರಾತ್ರಿ ಮೆಮೊರಿ ಪಾಠ ಓದುತ್ತಿದ್ದೆ, ಎಲ್ಲೋ ಲೈನ್ ಮೇಲೆ ಮರ ಬಿತ್ತು, ಕರೆಂಟು ಹೋಯಿತು. ಸ್ವಲ್ಪ ಹೊತ್ತಿಗೆ ಟವರೂ ಹೋಯಿತು. ಮಾಡಲು ಬೇರೇನೂ ಇಲ್ಲ. ಸುಮ್ನೆ ಕತ್ತಲಲ್ಲಿ ಕೂತು, ಈಗ ತಾನೇ ಓದಿದ್ದು ಏನಿತ್ತು ಅಂತ ನೆನಪು ಮಾಡಿಕೊಳ್ಳಲು ನೋಡಿದರೆ ಮೊದಲ ಹೆಡ್ಡಿಂಗು ಬಿಟ್ಟು ಒಂದಕ್ಷರ ಬರಲಿಲ್ಲ. ನಾಲ್ಕನೇ ಸಲ ಓದಿದ ಪಾಠ ಅದು! ಹೆದರಿಕೆಯೇ ಆಯಿತು.

ಅದು ಯಾಕೆ ಹಾಗೆ ಅನ್ನುವುದು ಅದೇ ಪಾಠದ ಕೊನೆಯಲ್ಲಿತ್ತು. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಅನ್ನುವ ಅಮೆರಿಕದ ಸೈಕಾಲಜಿಸ್ಟರು ಕಾಲೇಜು ಹುಡುಗರಿಗೆ ಎರಡು ಪಠ್ಯ ಓದಿಸಿದರು. ಒಂದನ್ನು ಮತ್ತೊಂದು ಸಲ ಓದಿದರು. ಇನ್ನೊಂದನ್ನು ನೋಡದೆ, ನೆನಪಿದ್ದಷ್ಟು ಬರೆದರು. ಐದು ನಿಮಿಷದ ಮೇಲೆ ಕೇಳಿದರೆ ಮತ್ತೆ ಓದಿದ್ದೇ ಜಾಸ್ತಿ ನೆನಪಿತ್ತು. ಒಂದು ವಾರ ಬಿಟ್ಟು ಕೇಳಿದರೆ ಉಲ್ಟಾ. ಮತ್ತೆ ಓದಿದ್ದರಲ್ಲಿ ಸುಮಾರು ನೂರಕ್ಕೆ 42 ಭಾಗ ನೆನಪಿತ್ತು, ನೋಡದೆ ಬರೆದದ್ದರಲ್ಲಿ 56. ಇನ್ನೊಂದು ಪ್ರಯೋಗದಲ್ಲಿ, ನನಗೆಲ್ಲ ನೆನಪಿರುತ್ತದೆ ಅನ್ನುವ ಧೈರ್ಯ ಜಾಸ್ತಿ ಇದ್ದದ್ದು ಬರೀ ಓದಿದವರಿಗೇ. ನಾನೇ ಅದು, ಹಳದಿ ಹೈಲೈಟರ್ ಹಿಡಿದುಕೊಂಡು. ಪುಟ ಪರಿಚಯವಾದರೆ ಸಾಕು, ವಿಷಯ ಬರುತ್ತದೆ ಅಂತ ಅಂದುಕೊಂಡುಬಿಡುತ್ತೇವೆ. ದಿನಾ ಬಸ್ಸಲ್ಲಿ ಮುಖ ನೋಡುತ್ತೇವೆ, ಹೆಸರು ಕೇಳಿದರೆ ಗೊತ್ತಿಲ್ಲ, ಹಾಗೆ.

ಬಸ್ಸು ಅಂದಾಗ ನೆನಪಾಯಿತು. ನಮ್ಮದು ಮಾದಾಪುರ, ಹಟ್ಟಿಹೊಳೆ ಮೇಲೆ ಮಡಿಕೇರಿಗೆ ಹೋಗುವ ರಸ್ತೆ. ಆ ತಿರುವುಗಳಲ್ಲಿ ಪುಸ್ತಕ ಬಿಚ್ಚಿದರೆ ಬೆಳಗ್ಗೆ ತಿಂದ ಕಡುಬು ಹೊರಗೆ. ಮೊದಲು ಆ ಒಂದು ಗಂಟೆ ಚಿಲ್ಲರೆ ಹಾಳು ಅಂತ ಬೇಜಾರು ಮಾಡಿಕೊಳ್ಳುತ್ತಿದ್ದೆ. ಈಗ ಕಿಟಕಿಗೆ ತಲೆ ಆನಿಸಿ, ನಿನ್ನೆ ರಾತ್ರಿ ಓದಿದ್ದನ್ನು ಕಣ್ಣು ಮುಚ್ಚಿಕೊಂಡು ನೆನೆಯುತ್ತೇನೆ. ಸಿಗದೆ ಹೋದದ್ದನ್ನು ಮಾತ್ರ ಕಾಲೇಜಲ್ಲಿ ಇಳಿದು ನೋಡುವುದು. ಮಾರನೇ ಬೆಳಗ್ಗೆಯೇ ಯಾಕೆ ಅಂದರೆ, ಜರ್ಮನಿಯ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಉಚ್ಚಾರಗಳನ್ನು ತಾನೇ ಉರು ಹೊಡೆದು, ಎಷ್ಟು ಮರೆಯುತ್ತೇನೆ ಅಂತ ಲೆಕ್ಕ ಇಟ್ಟು 1885ರಲ್ಲಿ ಪ್ರಕಟಿಸಿದ್ದ. ಮರೆವು ಮೊದಲ ದಿನವೇ ಜೋರು, ಆಮೇಲೆ ನಿಧಾನ. ನಮ್ಮ ಮಳೆ ತರ, ಜುಲೈಯಲ್ಲಿ ಒಂದೇ ಸಲ ಸುರಿದುಬಿಟ್ಟು ಆಮೇಲೆ ಹನಿ ಹನಿ.

[ಒಲೆಯ ಕಡೆ ಕ್ಯಾಮೆರಾ. ಅಜ್ಜಿಯ ಕೈ ಮಾತ್ರ ಕಾಣುತ್ತದೆ.]

ಇನ್ನು ನನ್ನ ಅಸಲಿ ಪರೀಕ್ಷೆ ಇಲ್ಲಿ, ಒಲೆ ಮುಂದೆ. ಒದ್ದೆ ಬಟ್ಟೆ ಒಣಗಿಸುತ್ತ ಕೂರುವ ಅಜ್ಜಿಗೆ ದಿನಕ್ಕೊಂದು ಪಾಠ ಕನ್ನಡದಲ್ಲಿ ಹೇಳುತ್ತೇನೆ. ಇಂಗ್ಲಿಷ್ ನೋಟ್ಸಿನ ದೊಡ್ಡ ದೊಡ್ಡ ಪದ ಅವರ ಹತ್ತಿರ ನಡೆಯುವುದಿಲ್ಲ. ಮೊನ್ನೆ ಸ್ಕಿನ್ನರ್ ಅನ್ನುವ ಅಮೆರಿಕದ ಸೈಕಾಲಜಿಸ್ಟ್ ಬಗ್ಗೆ ಹೇಳುತ್ತಿದ್ದೆ, ಇಲಿ ಸನ್ನೆಕೋಲು ಒತ್ತಿದರೆ ಕಾಳು ಬೀಳುತ್ತದೆ, ಅದಕ್ಕೇ ಮತ್ತೆ ಮತ್ತೆ ಒತ್ತುತ್ತದೆ ಅಂತ.

"ನಮ್ ಗೌರಿ ಹಿಂಡಿ ಆಸೆಗೆ ಕೊಟ್ಟಿಗೆಗೆ ಬರಲ್ವಾ, ಹಂಗೆ," ಅಂದರು.

"ಹ್ಞೂಂ ಅಜ್ಜಿ, ಹಂಗೇ."

"ದಿನಾ ಇಡ್ಲೇಬೇಕಾ ಮಗಾ? ಒಂದೊಂದಿನ ಇಡ್ದಿದ್ರೆ ಬರೋದು ಬಿಟ್ಬಿಡುತ್ತಾ?"

ನನ್ನ ಬಾಯಿ ಕಟ್ಟಿತು. ನೋಟ್ಸಿನ ಮುಂದಿನ ಪುಟವೇ ಅದು, ನಾನು ಇಂಪಾರ್ಟೆಂಟ್ ಅಲ್ಲ ಅಂತ ಬಿಟ್ಟಿದ್ದ ಪುಟ. ಟಾರ್ಚ್ ಹಿಡಿದು ಹುಡುಕಿದೆ. ಪ್ರತಿ ಸಲವೂ ಸಿಗುತ್ತಿದ್ದ ಕಾಳು ನಿಂತರೆ ಪ್ರಾಣಿ ಬೇಗ ಕೈಬಿಡುತ್ತದೆ, ಯಾವಾಗ ಸಿಗುತ್ತದೋ ಗೊತ್ತಿಲ್ಲದೆ ಆಗೊಮ್ಮೆ ಈಗೊಮ್ಮೆ ಸಿಗುತ್ತಿದ್ದರೆ ನಿಂತ ಮೇಲೂ ಜಾಸ್ತಿ ಹೊತ್ತು ಬಿಡುವುದಿಲ್ಲ. ನನ್ನ ರೀಲ್ಸ್ ಹುಚ್ಚಿಗೂ ಇದೇ ಕಾರಣ ಅಂತ ಅಲ್ಲೇ ಹೊಳೆಯಿತು, ಹತ್ತರಲ್ಲಿ ಒಂದು ಚೆನ್ನಾಗಿರುತ್ತದೆ, ಆ ಒಂದಕ್ಕೆ ಬೆರಳು ಓಡುತ್ತಲೇ ಇರುತ್ತದೆ.

ಅಜ್ಜಿಗೆ ಇಷ್ಟು ಹೇಳಿದ್ದೇ ತಪ್ಪಾಯಿತೇನೋ. ಹಿಂಡಿ ರೇಟು ಜಾಸ್ತಿಯಾಗಿದೆ ಅಂತ ಈಗ ಮನಸ್ಸು ಬಂದ ದಿನ ಮಾತ್ರ ಇಡುತ್ತಿದ್ದಾರೆ. ಗೌರಿ ಸಂಜೆ ಐದಕ್ಕೆ ಸರಿಯಾಗಿ ಬಂದು ನಿಂತಿರುತ್ತದೆ.

ಚಾರ್ಜ್ 11. ಇಡ್ತೀನಿ.