ಅರ್ಧ ಟ್ಯಾಂಕ್ ಪೆಟ್ರೋಲ್ ಇದ್ದರೂ ಈ ಪದ್ಮಿನಿ ಕಾರು ಯಾಕೆ ಸ್ಟಾರ್ಟ್ ಆಗ್ತಿಲ್ಲ?

[ತೆರೆಯ ಮೇಲೆ ನೋಡುಗರ ಸಂದೇಶ]

ನಮಸ್ಕಾರ. ಶಿರಸಿ ಕಡೆಯಿಂದ ಬಂದ ಸಂದೇಶ ಇದು. ಓದುತ್ತೇನೆ ಕೇಳಿ.

"ಅಣ್ಣಾ, ನಮ್ಮ ದೊಡ್ಡಪ್ಪನ ಪ್ರೀಮಿಯರ್ ಪದ್ಮಿನಿ ಎರಡು ಮಳೆಗಾಲ ಕೊಟ್ಟಿಗೆ ಪಕ್ಕದ ಶೆಡ್ಡಿನಲ್ಲೇ ನಿಂತಿತ್ತು. ಹೊಸ ಬ್ಯಾಟರಿ ಹಾಕಿದ್ದೇವೆ. ಸೆಲ್ಫ್ ಹೊಡೆದರೆ ಎಂಜಿನ್ ತಿರುಗುತ್ತದೆ, ಸ್ಟಾರ್ಟ್ ಆಗುವುದಿಲ್ಲ. ಪ್ಲಗ್ಗಿನಲ್ಲಿ ಕಿಡಿ ಬರುತ್ತಿದೆ. ಟ್ಯಾಂಕ್ ಅರ್ಧ ಇದೆ. ಕಾರ್ಬುರೇಟರ್ ಎರಡು ಸಲ ಬಿಚ್ಚಿ ತೊಳೆಸಿದೆವು. ಇನ್ನೆಂತ ಮಾಡುವುದು?"

ಇನ್ನು ಕಾರ್ಬುರೇಟರ್, ಅಂದರೆ ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಕೊಡುವ ಭಾಗ, ಅದನ್ನು ಮುಟ್ಟಬೇಡಿ.  ಹಳೆ ಕಾರು ಸ್ಟಾರ್ಟ್ ಆಗದಿದ್ದರೆ ಎಲ್ಲರೂ ಬಾನೆಟ್ ಎತ್ತಿ ಕಾರ್ಬುರೇಟರ್ ಬಿಚ್ಚುತ್ತಾರೆ. ಯಾಕೆ ಅಂದರೆ ಅದು ಕಣ್ಣಿಗೆ ಕಾಣುತ್ತದೆ, ಬಿಚ್ಚಲು ಸುಲಭ, ತೊಳೆದರೆ ಏನೋ ಕೆಲಸ ಆದ ಹಾಗೆ ಅನಿಸುತ್ತದೆ. ನನ್ನ ಅನುಮಾನ ಇರುವುದು ಇವರು ಸುಮ್ನೆ ಬರೆದ ಇನ್ನೊಂದು ಮಾತಿನ ಮೇಲೆ. "ಟ್ಯಾಂಕ್ ಅರ್ಧ ಇದೆ." ಅರ್ಧ ಏನಿದೆ?

[ಚಿತ್ರ: ಹಿಂದೆ ಟ್ಯಾಂಕ್, ಮುಂದೆ ಎಂಜಿನ್]

ಗೊತ್ತಿಲ್ಲದವರಿಗೆ ಬೇಗ ಹೇಳಿಬಿಡುತ್ತೇನೆ. ಪೆಟ್ರೋಲ್ ಟ್ಯಾಂಕ್ ಕಾರಿನ ಹಿಂದೆ. ಅಲ್ಲಿಂದ ಉದ್ದಕ್ಕೆ ಒಂದು ಸಣ್ಣ ಪೈಪು. ಎಂಜಿನ್ ಪಕ್ಕದಲ್ಲಿ ರಬ್ಬರ್ ಪದರದ ಪಂಪು, ಅದರ ಹೆಸರು ಡಯಾಫ್ರಾಮ್ ಪಂಪು. ಎಂಜಿನ್ ತಿರುಗಿದಾಗ ಅದು ಪೆಟ್ರೋಲ್ ಎಳೆದು ಕಾರ್ಬುರೇಟರಿಗೆ ಕಳಿಸುತ್ತದೆ. ಪದ್ಮಿನಿಯ 1089 ಸಿಸಿ ಎಂಜಿನ್ನಿಗೆ ಇಷ್ಟೇ. ಕಂಪ್ಯೂಟರ್ ಇಲ್ಲ, ಸೆನ್ಸರ್ ಇಲ್ಲ. ಮುಂದೆ ಹೋಗೋಣ.

ಈಗ ನನಗೆ ತುಂಬಾ ಇಷ್ಟವಾದ ಭಾಗ. ಎತ್ತರದ ಗಾಜಿನ ಅಳತೆ ಪಾತ್ರೆ ತಗೊಳ್ಳಿ. ಅಂಗಳದಲ್ಲಿ, ಬಯಲಲ್ಲಿ ಮಾಡಿ. ಬಚ್ಚಲ ಒಲೆ ಉರಿಯುತ್ತಿದ್ದರೆ ಆ ಕಡೆ ಸುಳಿಯಲೇಬೇಡಿ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ನೆಲ ಹಿಡಿದು ಒಲೆ ಇರುವಲ್ಲಿಗೆ ಹೋಗುತ್ತದೆ.

[ಹತ್ತಿರದಿಂದ: ಪಾತ್ರೆ]

10 ಮಿಲಿ ನೀರು. ಅದಕ್ಕೆ ಜಿಲೇಬಿಗೆ ಹಾಕುವ ಬಣ್ಣ ಒಂದು ಹನಿ, ಗೆರೆ ಚೆನ್ನಾಗಿ ಕಾಣಲಿ ಅಂತ. ಮೇಲೆ 100 ಮಿಲಿ ಪೆಟ್ರೋಲ್, ಇವತ್ತು ಬಂಕಿನಲ್ಲಿ ಹಾಕಿಸಿದ್ದು. ಮುಚ್ಚಿ ಅಲ್ಲಾಡಿಸಿ, ಸ್ವಲ್ಪ ಹೊತ್ತು ಬಿಡಿ. ನೀರು ಕೆಳಗೆ ಇಳಿಯುತ್ತದೆ, ಗೊತ್ತಿರುವುದೇ. ಆದರೆ ಗೆರೆ ಎಲ್ಲಿ ನಿಂತಿದೆ ನೋಡಿ. 10ರಲ್ಲಿ ಅಲ್ಲ! 30ರ ಹತ್ತಿರ. ನಾನು ಹಾಕಿದ್ದು 10 ಮಿಲಿ ನೀರು, ಕೆಳಗೆ ಸಿಕ್ಕಿದ್ದು ಅದರ ಸುಮಾರು ಮೂರು ಪಟ್ಟು.

ಆ ಇನ್ನೊಂದು 20 ಮಿಲಿ ಎಲ್ಲಿಂದ ಬಂತು? ಅದು ಎಥನಾಲ್. ನಮ್ಮ ಹಳಿಯಾಳದ ಕಡೆ ಬೆಳೆಯುತ್ತಾರಲ್ಲ ಕಬ್ಬು, ಅಂಥ ಕಬ್ಬಿನ ಹಾಲು, ಕಾಕಂಬಿ, ಅಲ್ಲದೆ ಮೆಕ್ಕೆಜೋಳ, ಅಕ್ಕಿ ಇವುಗಳಿಂದಲೂ ಮಾಡುವ ಆಲ್ಕೋಹಾಲ್. ದೇಶದ ಪೆಟ್ರೋಲಿನಲ್ಲಿ ಇದರ ಪಾಲು 2022ರಲ್ಲಿ ನೂರಕ್ಕೆ 10 ಆಯಿತು, 2025ರ ಹೊತ್ತಿಗೆ 20. ಎಥನಾಲ್ ಪೆಟ್ರೋಲಿನ ಜೊತೆಗೂ ಸೇರುತ್ತದೆ, ನೀರಿನ ಜೊತೆಗೂ ಸೇರುತ್ತದೆ. ಆದರೆ ಎರಡರಲ್ಲಿ ಅದಕ್ಕೆ ನೀರೇ ಹೆಚ್ಚು ಇಷ್ಟ. ಮದುವೆ ಮನೆಯಲ್ಲಿ ಬೇರೆಯವರ ಪಂಕ್ತಿಯಲ್ಲಿ ಕೂತವರು, ತಮ್ಮೂರಿನವರು ಬಂದ ಕೂಡಲೇ ಎಲೆ ಎತ್ತಿಕೊಂಡು ಆ ಪಂಕ್ತಿಗೆ ಹೋಗಿಬಿಡುತ್ತಾರಲ್ಲ, ಹಾಗೆ. ಒಬ್ಬರು ಇಬ್ಬರು ಬಂದರೆ ಇಲ್ಲೇ ಕರೆದು ಜಾಗ ಮಾಡಿ ಕೂರಿಸುತ್ತಾರೆ. ಬಸ್ಸು ತುಂಬಾ ಬಂದರೆ ಪಂಕ್ತಿ ಖಾಲಿ!

ಟ್ಯಾಂಕಿನಲ್ಲೂ ಹೀಗೇ. ಸ್ವಲ್ಪ ನೀರು ಸೇರಿದರೆ ಎಥನಾಲ್ ಅದನ್ನು ಪೆಟ್ರೋಲಿನೊಳಗೇ ಇಟ್ಟುಕೊಳ್ಳುತ್ತದೆ. ಏನೂ ಕಾಣಲ್ಲ. ಮಿತಿ ದಾಟಿತೋ, ನೀರು, ಎಥನಾಲ್ ಎರಡೂ ಒಟ್ಟಿಗೆ ತಳಕ್ಕೆ ಇಳಿಯುತ್ತವೆ. ತಂಪಾದಷ್ಟೂ ಈ ಮಿತಿ ಕಡಿಮೆ. ಇನ್ನು ಪೆಟ್ರೋಲ್ ಎಳೆಯುವ ಪೈಪಿನ ಬಾಯಿ ಎಲ್ಲಿರುತ್ತದೆ? ತಳದ ಹತ್ತಿರವೇ. ಅಂದರೆ ಗೇಜ್ ಅರ್ಧ ತೋರಿಸುತ್ತಿದೆ, ಮೇಲೆ ಪೆಟ್ರೋಲ್ ನಿಜವಾಗಿಯೂ ಇದೆ, ಎಂಜಿನ್ ಮಾತ್ರ ನೀರು ಬೆರೆತ ಎಥನಾಲ್ ಕುಡಿಯುತ್ತಿದೆ. ಕಾರ್ಬುರೇಟರ್ ತೊಳೆದು ಕೂರಿಸಿದ ಕೂಡಲೇ ಅದೇ ನೀರು ಮತ್ತೆ ಬಂದು ತುಂಬಿಕೊಳ್ಳುತ್ತದೆ. ಎರಡು ಸಲ ತೊಳೆದದ್ದು ವ್ಯರ್ಥ ಆಗಿದ್ದು ಇದಕ್ಕೇ ಇರಬಹುದು.

ನೀರು ಹೊಕ್ಕಿದ್ದು ಹೇಗೆ? ಅರ್ಧ ಟ್ಯಾಂಕ್ ಅಂದರೆ ಉಳಿದ ಅರ್ಧ ಗಾಳಿ. ಹಗಲು ಬಿಸಿಗೆ ಹಿಗ್ಗಿ ಹೊರಗೆ, ರಾತ್ರಿ ತಂಪಿಗೆ ಕುಗ್ಗಿ ಒಳಗೆ. ಶಿರಸಿಯ ಆಷಾಢದಲ್ಲಿ ಒಳಗೆ ಬರುವ ಗಾಳಿ ಎಂಥದ್ದು ಅಂತ ಒಗೆದ ಬಟ್ಟೆ ಒಣಹಾಕಿದವರಿಗೆ ಗೊತ್ತು. ಆದರೂ ಬರೀ ಗಾಳಿಯಿಂದ ಬರುವ ನೀರು ಕಡಿಮೆಯೇ. ಜಾಸ್ತಿ ಬರುವುದು ಟ್ಯಾಂಕಿನ ಮುಚ್ಚಳದ ಒಡೆದ ವಾಷರಿನಿಂದ. ಶೆಡ್ಡಿನ ಸೋರುವ ತಗಡು ಸರಿಯಾಗಿ ಅಲ್ಲೇ ಮೇಲೆ ಇದ್ದರೆ ಮುಗಿಯಿತು.

ಹಾಗಾದರೆ ಪರೀಕ್ಷೆ ಸುಲಭ. ಟ್ಯಾಂಕಿನ ತಳದಿಂದ ಸ್ವಲ್ಪ ಪೆಟ್ರೋಲ್ ತೆಗೆದು ಗಾಜಿನ ಬಾಟಲಿಗೆ ಹಾಕಿ. ನಳಿಗೆ ಬಾಯಿಟ್ಟು ಎಳೆಯಬೇಡಿ, ಕೈಪಂಪು ಬಳಸಿ. ಒಂದು ರಾತ್ರಿ ಹೊರಗಡೆ ಬಿಡಿ. ಬೆಳಿಗ್ಗೆ ನಡುವೆ ಗೆರೆ ಕಂಡರೆ ಕಥೆ ಗೊತ್ತಾಯಿತು. ಬರೀ ನೀರೇ ಬಂದು ಮೇಲೆ ಏನೂ ಇಲ್ಲದಿದ್ದರೆ ಗೆರೆ ಕಾಣಲ್ಲ, ಅದಕ್ಕೆ ಮೇಲಿನಿಂದಲೂ ಒಂದು ಬಾಟಲಿ ತೆಗೆಯಿರಿ. ಕೆಂಪು ಪುಡಿ ಕೂತಿದ್ದರೆ ಟ್ಯಾಂಕ್ ಒಳಗಿಂದ ತುಕ್ಕು ಹಿಡಿದಿದೆ. ಒಂದೇ ಬಣ್ಣ, ಆದರೆ ಹಳೆ ಪೇಂಟಿನ ವಾಸನೆ ಬಂದರೆ ಪೆಟ್ರೋಲ್ ಹಳಸಿ ಅಂಟಾಗಿದೆ. ಯಾವುದೇ ಬಂದರೂ ಅದನ್ನು ತೆಗೆಯಲೇಬೇಕು. ಮೇಲೆ ಹೊಸ ಪೆಟ್ರೋಲ್ ಸುರಿದು ಸರಿಮಾಡುವ ಔಷಧಿ ಹಾಕುತ್ತೇನೆ ಅನ್ನುವವರ ಮಾತು ನಾನಂತೂ ಕೇಳಲ್ಲ.

[ಬಾನೆಟ್ ತೆರೆದ ದೃಶ್ಯ]

ಬಾಟಲಿ ಶುದ್ಧವಾಗಿದ್ದರೆ? ಆಗ ಹುಡುಕಾಟವನ್ನು ಎರಡು ಭಾಗ ಮಾಡಿ, ಟ್ಯಾಂಕಿನಿಂದ ಪಂಪಿನವರೆಗೆ ಒಂದು, ಕಾರ್ಬುರೇಟರಿನಿಂದ ಮುಂದೆ ಇನ್ನೊಂದು. ಕಾರ್ಬುರೇಟರಿಗೆ ಬರುವ ಪೈಪು ಬಿಚ್ಚಿ ಆ ತುದಿ ಮುಚ್ಚಿಡಿ. ಸಣ್ಣ ಬಾಟಲಿಯಲ್ಲಿ ಹೊಸ ಪೆಟ್ರೋಲ್ ಹಾಕಿ, ಕಾರ್ಬುರೇಟರಿಗಿಂತ ಸ್ವಲ್ಪ ಎತ್ತರದಲ್ಲಿ ಗಟ್ಟಿಯಾಗಿ ಕಟ್ಟಿ, ನಳಿ ಜೋಡಿಸಿ. ಪ್ಲಗ್ಗಿನ ವಯರು, ಬಿಸಿಯಾಗುವ ಸೈಲೆನ್ಸರ್ ಪೈಪು ಎರಡರಿಂದಲೂ ದೂರ ಇರಲಿ, ಬೆಂಕಿ ಆರಿಸುವ ಸಿಲಿಂಡರ್ ಕೈಗೆ ಸಿಗುವ ಹಾಗೆ ಇರಲಿ. ಈಗ ಎಂಜಿನ್ ಸ್ಟಾರ್ಟ್ ಆಗಿ ಓಡಿದರೆ ಕಾರ್ಬುರೇಟರ್ ನಿರಪರಾಧಿ. ತಪ್ಪು ಪಂಪಿನದ್ದು, ಪೈಪಿನದ್ದು ಅಥವಾ ಟ್ಯಾಂಕಿನದ್ದು. ಓಡದಿದ್ದರೆ ಮಾತ್ರ ಕಾರ್ಬುರೇಟರ್ ಬಿಚ್ಚಿ.

ವಿಡಿಯೋ ಉದ್ದ ಆಗ್ತಿದೆ, ಉಳಿದದ್ದು ಓಡಿಸಿಬಿಡುತ್ತೇನೆ. ಡಿಪ್‌ಸ್ಟಿಕ್, ಅಂದರೆ ಎಂಜಿನ್ ಆಯಿಲ್ ಅಳೆಯುವ ಕಡ್ಡಿ, ಎಳೆದು ಮೂಸಿ. ಆಯಿಲ್ ತೆಳ್ಳಗಾಗಿ ಪೆಟ್ರೋಲ್ ವಾಸನೆ ಬಂದರೆ ಪಂಪಿನ ಡಯಾಫ್ರಾಮ್ ಹರಿದಿರಬಹುದು, ಇಲ್ಲವೇ ಕಾರ್ಬುರೇಟರ್ ತುಂಬಿದಾಗ ಪೆಟ್ರೋಲ್ ತಡೆಯುವ ನೀಡಲ್ ಸಿಕ್ಕಿಹಾಕಿಕೊಂಡು ತುಂಬಿ ಹರಿದಿರಬಹುದು. ಎರಡರಲ್ಲಿ ಯಾವುದಾದರೂ ಆಯಿಲ್ ಬದಲಿಸದೆ ಎಂಜಿನ್ ತಿರುಗಿಸಲೇಬಾರದು. ರಬ್ಬರ್ ಪೈಪು, ಡಯಾಫ್ರಾಮ್ ಹಳೇ ಕಾಲದ್ದಾದರೆ ಎಥನಾಲಿಗೆ ಮೆತ್ತಗಾಗಿ ಊದುತ್ತವೆ ಅಥವಾ ಬಿರುಕು ಬಿಡುತ್ತವೆ. ಕೇಳದೆ ಬದಲಿಸಿ, ಎಥನಾಲ್ ತಡೆಯುವಂಥದ್ದೇ ತಗೊಳ್ಳಿ. ಫಿಲ್ಟರ್ ಹೊಸದು ಹಾಕಿ, ಸ್ವಲ್ಪ ದೂರ ಓಡಿದ ಮೇಲೆ ಮತ್ತೆ ಹೊಸದು ಹಾಕಿ, ಟ್ಯಾಂಕಿನ ಹಳೆ ಕಸ ಎಥನಾಲಿಗೆ ಬಿಟ್ಟುಕೊಂಡು ಬರುತ್ತದೆ. ಕಾರವಾರದ ನಮ್ಮ ಉಪ್ಪು ಗಾಳಿಯಲ್ಲಿ ನಿಂತ ಕಾರಾದರೆ ಕೆಳಗೆ ಮಲಗಿ ಕಬ್ಬಿಣದ ಪೈಪನ್ನು ಹೊರಗಿನಿಂದಲೂ ನೋಡಿ. ತೆಗೆದ ಪೆಟ್ರೋಲನ್ನು ದಯವಿಟ್ಟು ತೋಟಕ್ಕೋ ಹಳ್ಳಕ್ಕೋ ಸುರಿಯಬೇಡಿ, ಡಬ್ಬಿಯಲ್ಲಿ ಮುಚ್ಚಿ ಗ್ಯಾರೇಜಿನವರಿಗೆ ಕೊಡಿ.

ಕೊನೆಗೆ ಒಂದು ಕಿಡಿಗೇಡಿ ತೊಂದರೆ. ಕಾರು ಸ್ಟಾರ್ಟ್ ಆಯಿತು, ಚೆಂದ ಓಡಿತು, ಕೆಲವು ಕಿಲೋಮೀಟರ್ ಆದ ಮೇಲೆ ಬಿಕ್ಕಿ ಬಿಕ್ಕಿ ನಿಂತಿತು. ಹತ್ತು ನಿಮಿಷ ಬಿಟ್ಟರೆ ಮತ್ತೆ ಓಡುತ್ತದೆ. ಪೆಟ್ರೋಲ್ ಹೋದಷ್ಟು ಗಾಳಿ ಒಳಗೆ ಬರಬೇಕಲ್ವಾ? ಅದಕ್ಕೆ ಇರುವ ಸಣ್ಣ ತೂತಿನಲ್ಲಿ ಕುಂಬಾರ ಹುಳ ಮಣ್ಣು ಮೆತ್ತಿ ಗೂಡು ಮಾಡಿರುತ್ತದೆ. ಹಾಗಾಗಿ ಮೊದಲ ಸವಾರಿಗೆ ದೇವಿಮನೆ ಘಟ್ಟ ಇಳಿಯಬೇಡಿ, ಬನವಾಸಿ ರಸ್ತೆ ಹಿಡಿಯಿರಿ. ನಿಂತ ಕೂಡಲೇ ಎಂಜಿನ್ ಆಫ್ ಮಾಡಿ, ಟ್ಯಾಂಕಿನ ಮುಚ್ಚಳ ಮೆಲ್ಲಗೆ ತಿರುಗಿಸಿ. ಗಾಳಿ ಒಳಗೆ ಎಳೆದ ಸದ್ದು ಬಂದರೆ ಆ ತೂತು ಬಿಡಿಸಲು ಒಂದು ತಂತಿ ಚೂರು ಸಾಕು.