ವಿಳಾಸವನ್ನು ಕೊನೆಯಿಂದ ಓದಿ

ಕೇಳುಗರೆಲ್ಲರಿಗೂ ನಮಸ್ಕಾರ.

ಆದಾಯ ತೆರಿಗೆ ರಿಟರ್ನ್ ತುಂಬುವ ದಿನಗಳು ಬಂದರೆ ಸಾಕು, ಒಂದು ಬಗೆಯ ಇಮೇಲ್ ಮನೆಮನೆಗೂ ಬರತೊಡಗುತ್ತದೆ. 'ನಿಮ್ಮ ರಿಫಂಡ್ ಮಂಜೂರಾಗಿದೆ. 24 ಗಂಟೆಯೊಳಗೆ ಬ್ಯಾಂಕ್ ವಿವರ ಕೊಡಿ, ಇಲ್ಲದಿದ್ದರೆ ರದ್ದಾಗುತ್ತದೆ.' ಇಲಾಖೆಯ ಲಾಂಛನ, ಸಹಿ ಎಲ್ಲವೂ ಇರುತ್ತದೆ. ಮುಂಬೈಯ ಡೊಂಬಿವಲಿ ಫಾಸ್ಟ್ ಲೋಕಲ್ ರೈಲಿನಲ್ಲಿ ಒಂದು ಕೈಲಿ ಹಿಡಿಕೆ, ಇನ್ನೊಂದು ಕೈಲಿ ಫೋನ್ ಹಿಡಿದು ನಿಂತವರು ಅದನ್ನು ಎಷ್ಟು ನಿಧಾನವಾಗಿ ಓದಿಯಾರು? ಮೋಸಗಾರರಿಗೆ ಬೇಕಾದದ್ದು ಈ ಅವಸರವೇ.

ಕಳಿಸಿದವರ ಹೆಸರನ್ನು ನಂಬಬೇಡಿ. ಆ ಜಾಗದಲ್ಲಿ ಯಾರು ಏನು ಬೇಕಾದರೂ ಬರೆದುಕೊಳ್ಳಬಹುದು. ಹೆಸರಿನ ಮೇಲೆ ಬೆರಳಿಟ್ಟರೆ ಪೂರ್ತಿ ವಿಳಾಸ ತೆರೆದುಕೊಳ್ಳುತ್ತದೆ. ಲಿಂಕನ್ನು ಒತ್ತಬೇಡಿ. ಫೋನಿನಲ್ಲಿ ಸ್ವಲ್ಪ ಹೊತ್ತು ಅದುಮಿ ಹಿಡಿದರೆ ಅದು ಎಲ್ಲಿಗೆ ಒಯ್ಯುತ್ತದೆ ಅನ್ನೋದು ಕಾಣುತ್ತದೆ.

ಈಗ ಆ ವಿಳಾಸವನ್ನು ಕೊನೆಯಿಂದ ಓದಿ. ಇಲಾಖೆಯ ತಾಣ 'ಇನ್‌ಕಮ್‌ಟ್ಯಾಕ್ಸ್ ಡಾಟ್ ಗವ್ ಡಾಟ್ ಇನ್'. ಅದಾದ ಮೇಲೆ ಓರೆಗೆರೆ, ಅಂದರೆ ಸ್ಲ್ಯಾಶ್, ಬಂದೀತು, ಚುಕ್ಕಿ ಬರಬಾರದು. ಮೋಸದ ಲಿಂಕಿನಲ್ಲೂ ಶುರುವಿಗೆ ಇದೇ ಅಕ್ಷರಗಳಿರುತ್ತವೆ. ಆಮೇಲೆ ಇನ್ನೊಂದು ಚುಕ್ಕಿ, ರಿಫಂಡ್ ಅಂತೇನೋ ಒಂದು ಪದ, ಕೊನೆಗೆ ಡಾಟ್ ಕಾಮ್. ಕಾಗದದ ಮೇಲೆ ಮಾಟುಂಗಾ ಅಂತ ಬರೆದು ಬೇರೆ ಊರಿನ ಪಿನ್‌ಕೋಡ್ ಹಾಕಿದರೆ ಅದು ಆ ಊರಿಗೇ ಹೋಗುತ್ತದೆ, ಅಲ್ವಾ? ಇಲ್ಲೂ ಹಾಗೇ. ತಾಣ ಯಾರದು ಅನ್ನೋದನ್ನು ಹೇಳುವುದು ಮೊದಲ ಒಂಟಿ ಓರೆಗೆರೆಗಿಂತ ಮುಂಚಿನ ಕೊನೆಯ ಭಾಗ. ಪಕ್ಕದ ಬೀಗದ ಗುರುತು ನೋಡಿ ಸಮಾಧಾನ ಪಡಬೇಡಿ, ಅದು ಕಳ್ಳರ ತಾಣಕ್ಕೂ ಸಿಗುತ್ತದೆ.

ಬ್ಯಾಂಕುಗಳ ವಿಷಯದಲ್ಲಿ ಈ ಕೆಲಸ ಈಗ ಸುಲಭವಾಗಿದೆ. ಬ್ಯಾಂಕುಗಳ ತಾಣದ ವಿಳಾಸ 'ಡಾಟ್ ಬ್ಯಾಂಕ್ ಡಾಟ್ ಇನ್' ಎಂದೇ ಕೊನೆಯಾಗಬೇಕು ಎಂದು ರಿಸರ್ವ್ ಬ್ಯಾಂಕ್ 2025ರಲ್ಲಿ ಹೇಳಿತು. ನನಗಂತೂ ಇದು ಬಹಳ ಒಳ್ಳೆಯ ಕ್ರಮ ಅನಿಸುತ್ತದೆ.

ಇಮೇಲ್ ವಿಳಾಸವನ್ನೇ ನಕಲು ಮಾಡುವವರೂ ಇದ್ದಾರೆ. ಹಾಗಾಗಿ ವಿಳಾಸ ಸರಿ ಕಂಡರೂ ಲಿಂಕಿನ ದಾರಿ ಬೇಡ. ತಾಣದ ಹೆಸರನ್ನು ನೀವೇ ಟೈಪ್ ಮಾಡಿ ಒಳಗೆ ಹೋಗಿ ನೋಡಿ. ರಿಫಂಡ್ ಇದ್ದರೆ ಅಲ್ಲೇ ಕಾಣುತ್ತದೆ, ನೇರವಾಗಿ ಖಾತೆಗೆ ಬರುತ್ತದೆ. ಅದಕ್ಕಾಗಿ ಇಲಾಖೆ ಇಮೇಲ್‌ನಲ್ಲಿ ಕಾರ್ಡಿನ ಪಿನ್, ಪಾಸ್‌ವರ್ಡ್ ಕೇಳುವುದಿಲ್ಲ. ಗೊತ್ತಿಲ್ಲದವರು ಕಳಿಸಿದ ಫೈಲ್‌ಗಳನ್ನು ಸುಮ್ನೆ ಕುತೂಹಲಕ್ಕೂ ತೆರೆಯಬೇಡಿ.

ಅಕಸ್ಮಾತ್ ವಿವರ ಕೊಟ್ಟುಬಿಟ್ಟಿದ್ದರೆ ನಾಚಿಕೆಪಟ್ಟು ಮುಚ್ಚಿಡಬೇಡಿ. ಮನೆಯ ಹಿರಿಯರಿಗೆ ಹೀಗಾದಾಗ ಬೈಯಬೇಡಿ, ಬೈಗುಳದ ಭಯಕ್ಕೇ ಎಷ್ಟೋ ಜನ ತಡಮಾಡುತ್ತಾರೆ. ತಕ್ಷಣ ಬ್ಯಾಂಕಿಗೆ ಫೋನ್ ಮಾಡಿ ಕಾರ್ಡ್ ನಿಲ್ಲಿಸಿ, ಪಾಸ್‌ವರ್ಡ್ ಬದಲಿಸಿ. ಹಣ ಹೋಗಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಕದ್ದ ಹಣ ಖಾತೆಯಿಂದ ಖಾತೆಗೆ ಬೇಗ ಬೇಗ ದಾಟುತ್ತದೆ, ಬೇಗ ತಿಳಿಸಿದಷ್ಟೂ ಅದನ್ನು ನಡುವೆ ತಡೆಹಿಡಿಯುವ ಅವಕಾಶ ಜಾಸ್ತಿ. ಆ ಇಮೇಲ್ ಅಳಿಸಬೇಡಿ, ದೂರು ಕೊಡುವಾಗ ಬೇಕಾಗುತ್ತದೆ.